ಹೊಸ್ತಿನ ದಿನ ತೆಗೆದುಕೊಂಡ ಕಂಪ್ಯೂಟರ್ ಸೀಟು

ತೆಕ್ಕಟ್ಟೆಯ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಕಟ್ಟೆ ಇದೆ. ಸಂಜೆಯಾದರೆ ಅಲ್ಲಿ ಪಿಯುಸಿ ಓದುವ ವಯಸ್ಸಿನ ನಾಲ್ಕೈದು ಹುಡುಗರು ಕೂತಿರುತ್ತಾರೆ. ಓದುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಕೂರುವುದನ್ನು ಮಾತ್ರ ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಬೆನ್ನ ಮೇಲೆ ಬೆವರು ಇಳಿಯುವ ಸೆಕೆಯಲ್ಲೂ ಚಳಿದೇಶದವರ ಹಾಗೆ ತಲೆಮುಸುಕಿನ ದಪ್ಪ ಅಂಗಿ ಹಾಕಿಕೊಂಡಿರುತ್ತಾರೆ. ನಾನು ಮೀನಿಗೋ ಹಾಲಿಗೋ ಆ ಕಡೆ ಹೋದರೆ ಅವರಲ್ಲಿ ಒಬ್ಬನಾದರೂ ಬಾಯಿ ಬಿಡದೆ ಇರುವುದಿಲ್ಲ.

"ಹ್ವಾಯ್ ಮಾವ, ಇವತ್ತೂ ಮನಿಯಂಗೇ ಇದ್ರಿಯಾ? ಕೆಲ್ಸ ಹೋಯ್ತಾ, ಎಂತ ಕತಿ?"

ಕೆಲಸ ಹೋಗಿಲ್ಲ. ಇಪ್ಪತ್ತು ವರ್ಷಗಳಿಂದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ನನ್ನ ಕಂಪನಿ ಬೆಂಗಳೂರಿನಲ್ಲಿದೆ, ನಾವು ಯಾರಿಗಾಗಿ ಬರೆಯುತ್ತೇವೋ ಆ ವಿಮಾ ಕಂಪನಿ ಹೊರದೇಶದಲ್ಲಿದೆ, ನಾನು ಮಾತ್ರ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿದ್ದೇನೆ. ಕೊರೋನಾ ಹೊತ್ತಿನಲ್ಲಿ ಎಲ್ಲರ ಹಾಗೆ ಊರಿಗೆ ಬಂದೆ, ಕಂಪನಿಯವರು ಕರೆಯುವುದನ್ನು ಮರೆತರು, ನಾನು ನೆನಪಿಸಲು ಹೋಗಲಿಲ್ಲ. ಆದರೆ ನಮ್ಮೂರಿನ ಲೆಕ್ಕಾಚಾರವೇ ಬೇರೆ. ಇಲ್ಲಿ ಕೆಲಸದಲ್ಲಿರುವವನು ಅಂದರೆ ಊರಲ್ಲಿ ಕಾಣದವನು. ವರ್ಷಕ್ಕೊಮ್ಮೆ ಬಿಳಿ ಕಾರಿನಲ್ಲಿ ಬಂದು, ಸ್ವೀಟಿನ ಡಬ್ಬ ಹಂಚಿ, ಸೊಳ್ಳೆಗೆ ಬೈದು ವಾಪಸು ಹೋಗುವವನಿಗೆ ಒಳ್ಳೆಯ ಕೆಲಸ ಇದೆ ಎಂದು ಅರ್ಥ. ದಿನಾ ಬರ್ಮುಡಾ ಚಡ್ಡಿಯಲ್ಲಿ ಬಂಗಡೆ ಆರಿಸುತ್ತಾ ಕಾಣುವವನು ಕೆಲಸ ಕಳಕೊಂಡವನು. ಪಕ್ಕದ ಮನೆಯಾಕೆ ತನ್ನ ಮೊಬೈಲ್ ಹ್ಯಾಂಗ್ ಆದರೆ ನನ್ನ ಹತ್ತಿರ ಕಳಿಸುತ್ತಾಳೆ, ಆಧಾರ್ ಲಿಂಕ್ ಮಾಡಿಸುತ್ತಾಳೆ, ಆಮೇಲೆ ಯಾರಾದರೂ ಹೆಣ್ಣಿನ ಕಡೆಯವರು ನನ್ನ ಬಗ್ಗೆ ವಿಚಾರಿಸಿದರೆ "ಪಾಪ, ಮನಿಯಂಗೇ ಇದ್ದ" ಎಂದು ಹೇಳಿ ಕಳಿಸುತ್ತಾಳೆ. ನನಗೆ ಮದುವೆಯಾಗದೆ ಇರುವುದಕ್ಕೆ ಆ ಒಂದು ಪಾಪ ಸಾಕಾಯಿತು.

ಕಟ್ಟೆಯ ಹುಡುಗರಿಗೆ ಕಂಪ್ಯೂಟರ್ ಕೆಲಸದ ಬಗ್ಗೆ ಬಹಳ ಖಚಿತವಾದ ಅಭಿಪ್ರಾಯಗಳಿವೆ. ಕಂಪ್ಯೂಟರ್ ಬಗ್ಗೆ ಮಾತ್ರ ಏನೂ ಗೊತ್ತಿಲ್ಲ. "ಐಟಿ ಎಲ್ಲ ಮುಗೀತ್ ಮಾವ, ಇನ್ನ್ ಎಲ್ಲ ಎಐ ಮಾಡತ್ತ್" ಎಂದು ಒಬ್ಬ ನನಗೆ ಸಾಂತ್ವನ ಹೇಳಿದ. ಈ ಮಹಾನುಭಾವ ಹಿಂದಿನ ವಾರವಷ್ಟೇ ತನ್ನ ಫೋಟೋವನ್ನು ಇಮೇಲಿಗೆ ಸೇರಿಸಲು ಬಾರದೆ ನಮ್ಮ ಮನೆ ಜಗಲಿಯಲ್ಲಿ ಅರ್ಧ ದಿನ ಕೂತಿದ್ದವನು. ಇನ್ನೊಬ್ಬನಿಗೆ ಅವನ ಅಣ್ಣ ಹೇಳಿದ್ದಾನಂತೆ, ಸಾಫ್ಟ್‌ವೇರಿನವರಿಗೆ ಮೂವತ್ತಕ್ಕೆ ತಲೆ ಬೋಳಾಗುತ್ತದೆ ಎಂದು. ಹೇಳುವಾಗ ನನ್ನ ತಲೆ ನೋಡಿಯೇ ಹೇಳಿದ. ಮೂರನೆಯವನು ಎಂಟು ತಿಂಗಳ ಕೋರ್ಸು ಮಾಡಿ ನೇರ ಅಮೆರಿಕ ಕಂಪನಿಗೆ ಸೇರುತ್ತಾನಂತೆ. ಯಾವ ಕೋರ್ಸು ಎಂದು ಕೇಳಿದೆ. ಅದು ಇನ್ನೂ ನೋಡಬೇಕಷ್ಟೆ, ಎಂದ. ಇವರ ಜೊತೆ ನಾನು ವಾದ ಮಾಡುವುದಿಲ್ಲ. ಬಂಗಡೆ ಹಾಳಾಗುತ್ತದೆ.

ಇಷ್ಟೆಲ್ಲ ಹೇಳಲು ಕಾರಣ ನನ್ನ ಅಕ್ಕನ ಮಗಳು. ನಮ್ಮದು ಹೆಣ್ಣುಮಕ್ಕಳ ಕಡೆಯಿಂದ ನಡೆಯುವ ಮನೆ. ಅಕ್ಕ ಹುಟ್ಟಿದ ಮನೆಯಲ್ಲೇ ಇದ್ದಾಳೆ, ಜೊತೆಗೆ ನಮ್ಮ ಅಮ್ಮ ಇದ್ದಾಳೆ, ಮಾಳಿಗೆಯಲ್ಲಿ ನಾನು. ಬಾವನಿಗೆ ಬೈಂದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಅವರು ರಾತ್ರಿ ಊಟಕ್ಕೆ ಬಂದು ಬೆಳಿಗ್ಗೆ ಬಸ್ಸು ಹತ್ತುತ್ತಾರೆ, ಮನೆಯಲ್ಲಿ ಏನೇ ಮಾತು ಬಂದರೂ "ಅದ್ ನಿಮ್ ಮನಿ ವಿಷ್ಯ" ಎಂದು ಕೈ ತೊಳೆದುಕೊಳ್ಳುತ್ತಾರೆ. ಹೀಗಾಗಿ ಮಕ್ಕಳ ಓದು, ಮದುವೆ ಎಲ್ಲದರಲ್ಲೂ ಅಪ್ಪನಿಗಿಂತ ಸೋದರಮಾವನ ಮಾತು ದೊಡ್ಡದು. ಸೋದರಮಾವ ಎಂದರೆ ನಾನಲ್ಲ. ಬೆಂಗಳೂರಿನಲ್ಲಿ ಹೋಟೆಲು ಇಟ್ಟಿರುವ ನನ್ನ ಅಣ್ಣ. ನಾನು ಗ್ಯಾಸ್ ಸಿಲಿಂಡರ್ ಒಳಗೆ ಹೊತ್ತು ಹಾಕುವ ಮಾವ.

ಈ ಸೊಸೆ, ಅಂದರೆ ಅಕ್ಕನ ಮಗಳು, ಬ್ರಹ್ಮಾವರದ ಒಂದು ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಅವಳು ಎರಡನೇ ಪಿಯುಸಿಯಲ್ಲಿದ್ದಾಗ ಆ ಕಾಲೇಜಿನವರು ನನಗೆ ಫೋನ್ ಮಾಡಿದರು. ಮಕ್ಕಳಿಗೆ ಕಂಪ್ಯೂಟರ್ ಕ್ಷೇತ್ರದ ಅವಕಾಶಗಳ ಬಗ್ಗೆ ಮಾತಾಡಬೇಕಂತೆ. ಕರೆದಿದ್ದ ದೊಡ್ಡ ಅತಿಥಿ ಕೈಕೊಟ್ಟಿದ್ದರು, ಹತ್ತಿರದಲ್ಲಿ ಖಾಲಿ ಕೂತಿರುವವನು ಯಾರೆಂದು ಹುಡುಕಿದಾಗ ನಾನು ಸಿಕ್ಕಿರಬೇಕು. ಸಭಾಂಗಣದ ಬಾಗಿಲಲ್ಲಿ ನನ್ನ ಫ್ಲೆಕ್ಸ್ ಹಾಕಿದ್ದರು. ಯಾವುದೋ ಮದುವೆಯ ಗುಂಪು ಫೋಟೋದಿಂದ ನನ್ನನ್ನು ಕತ್ತರಿಸಿ ತೆಗೆದದ್ದು, ಹೆಗಲ ಮೇಲೆ ಇನ್ಯಾರದೋ ಕೈ ಹಾಗೆಯೇ ಉಳಿದಿತ್ತು. ಕೆಳಗೆ 'ಸಾಧಕರು' ಎಂದು ಬರೆದಿತ್ತು. ಏನು ಸಾಧನೆ ಎಂದು ಬರೆಯುವಷ್ಟು ಜಾಗ ಉಳಿದಿರಲಿಲ್ಲವೋ ಏನೋ.

ಕಂಪ್ಯೂಟರ್ ಕಲಿಯಬೇಕು ಅಂತ ಇರುವವರು ಕೈ ಎತ್ತಿ ಎಂದೆ. ಹೆಚ್ಚುಕಡಿಮೆ ಇಡೀ ಸಭಾಂಗಣ ಕೈ ಎತ್ತಿತು. ಯಾಕೆ ಎಂದು ಕೇಳಿದೆ. ಎತ್ತಿದ ಕೈಗಳೆಲ್ಲ ಇಳಿದವು. ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದೆ. "ಸರ್, ಬಯಾಲಜಿಯಲ್ಲಿ ಚಿತ್ರ ತುಂಬ ಬಿಡಿಸ್ಬೇಕು" ಎಂದಳು. ಕಪ್ಪೆಯ ಕರುಳಿನ ಚಿತ್ರ ಬಿಡಿಸಲು ಸೋಮಾರಿತನವಾಗಿ ಈ ದೇಶಕ್ಕೆ ಒಬ್ಬಳು ಇಂಜಿನಿಯರ್ ಹೆಚ್ಚಾಗುತ್ತಾಳೆ. ಪಕ್ಕದ ಹುಡುಗ ಏಸಿ ಇರುತ್ತದೆ ಎಂದ. ಅವನ ಪಕ್ಕದವನು "ಇವ ತಕಂತ, ಅದ್ಕೆ ನಾನೂ" ಎಂದ. ಹಿಂದಿನಿಂದ ಯಾರೋ "ಹೆಣ್ಣ್ ಕೊಡ್ತ್ರ್" ಎಂದು ಕೂಗಿದರು. ಅದು ಸುಳ್ಳೆಂದು ನನ್ನನ್ನು ನೋಡಿದರೆ ತಿಳಿಯುತ್ತಿತ್ತು, ಆದರೆ ಆ ವಯಸ್ಸಿನಲ್ಲಿ ಯಾರೂ ಏನನ್ನೂ ನೋಡುವುದಿಲ್ಲ.

ಆಮೇಲೆ ತೆಳ್ಳಗಿನ ಹುಡುಗನೊಬ್ಬ ತಾನಾಗಿಯೇ ಎದ್ದು ನಿಂತ.

"ಸರ್, ನೀವ್ ಮಾಡದ್ದ್ ಎಂತಾದ್ರೂ ನಮ್ ಮೊಬೈಲಂಗೆ ಇತ್ತಾ?"

ಇಲ್ಲ ಎಂದೆ. ಬೇರೆ ದೇಶದ ಜನ ಆಸ್ಪತ್ರೆಗೆ ಹೋದರೆ ಅವರ ವಿಮೆಯ ಕಾಗದಪತ್ರ ಸರಿ ಇದೆಯೋ ಎಂದು ನೋಡುವ ಪ್ರೋಗ್ರಾಮು ನಮ್ಮದು, ಇಲ್ಲಿ ಯಾರಿಗೂ ಕಾಣುವುದಿಲ್ಲ ಎಂದು ವಿವರಿಸಿದೆ.

"ಹಂಗಾರೆ ನಿಮ್ ಕೆಲ್ಸ ಕಂಡೋರ್ ಯಾರೂ ಇಲ್ಯಾ ಸರ್?"

ಸಭಾಂಗಣವೆಲ್ಲ ನಕ್ಕಿತು. ನನಗೆ ಪಿತ್ತ ನೆತ್ತಿಗೇರಿತು. ನಿಮಗೆ ಯಾರಿಗೂ ಕಂಪ್ಯೂಟರ್ ಬೇಡ, ತಿರುಗುವ ಕುರ್ಚಿ ಬೇಕು ಎಂದೆ. ಎಲ್ಲರೂ ಹೇಳುವ ಎಐ ನಿಮ್ಮ ಕೆಲಸ ಕಸಿಯುವುದಿಲ್ಲ, ಕಸಿಯಲು ನಿಮಗೆ ಕೆಲಸ ಗೊತ್ತಿದ್ದರಲ್ಲವೇ ಎಂದೆ. ನಾನು ಮಾಡುವುದು ಕತ್ತೆ ಚಾಕರಿ, ನಿಮ್ಮಲ್ಲಿ ಬಹಳ ಮಂದಿಗೆ ಕತ್ತೆಯ ತಾಳ್ಮೆಯೂ ಇಲ್ಲ ಎಂದೆ. ಬೈದೆ ಎಂದು ನನ್ನ ಭಾವನೆ. ಅವರು ಜೋರಾಗಿ ಚಪ್ಪಾಳೆ ತಟ್ಟಿದರು. ಅದನ್ನು ಸಿನಿಮಾ ಡೈಲಾಗಿನ ಹಾಗೆ ಕೇಳಿದ್ದರು. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಅರ್ಧ ಗಂಟೆ ನನ್ನ ಜೊತೆ ಸೆಲ್ಫಿ ತೆಗೆದುಕೊಂಡರು. ಏನು ಕೇಳಿಸಿಕೊಂಡಿರಿ ಎಂದು ಒಬ್ಬಳನ್ನು ಕೇಳಿದೆ. ಸೂಪರ್ ಸರ್, ಎಂದಳು.

ಸೊಸೆ ಮೂರನೇ ಬೆಂಚಿನಲ್ಲಿ ಕೂತಿದ್ದಳು. ಕೈ ಎತ್ತಿರಲಿಲ್ಲ, ನಕ್ಕಿರಲಿಲ್ಲ, ಚಪ್ಪಾಳೆಯನ್ನೂ ತಟ್ಟಿರಲಿಲ್ಲ. ಸ್ಕೂಟರಿನಲ್ಲಿ ಬಾ ಎಂದೆ. ಬಸ್ ಪಾಸ್ ಇತ್ತ್, ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ಹೋದಳು.

ಈ ಹುಡುಗಿಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅವಳು ಯಕ್ಷಗಾನ ಕಲಿಯುತ್ತಿದ್ದಳು. ಊರ ಹೆಣ್ಣುಮಕ್ಕಳದ್ದೇ ಒಂದು ತಂಡ, ಗುರುಗಳು ಭಾನುವಾರ ಮಾತ್ರ ಬರುತ್ತಿದ್ದರು. ಉಳಿದ ದಿನ ಹೆಜ್ಜೆ ಹಾಕಲು ತಾಳ ಹಿಡಿಯುವವರು ಇರಲಿಲ್ಲ. ಇವಳು ನನ್ನ ಹಳೆಯ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ತಾಳ ಹಾಕುವ ಒಂದು ಪ್ರೋಗ್ರಾಮು ಬರೆದಳು. ಏಕತಾಳ, ರೂಪಕ, ಝಂಪೆ, ಯಾವುದು ಬೇಕೋ ಒತ್ತಿದರೆ ಜಾಗಟೆಯ ಹಾಗೆ ಸದ್ದು ಬರುತ್ತಿತ್ತು. ಮೊದಲ ಸಲ ಕೇಳಿದ ಗುರುಗಳು, ಇದು ಗಡಿಯಾರ, ತಾಳ ಅಲ್ಲ ಎಂದರಂತೆ. ಕುಣಿಯುವವಳು ಏರುವಾಗ ತಾಳ ಸ್ವಲ್ಪ ಮುಂದಕ್ಕೆ ಬಾಗಬೇಕು ಎಂದು ಕೈಯಲ್ಲಿ ತೋರಿಸಿದರಂತೆ. ಅವಳು ಬೇಸರ ಮಾಡಿಕೊಳ್ಳದೆ ಅದನ್ನು ಕಿತ್ತು ಮತ್ತೆ ಬರೆದಳು. ನಡೆ ಏರುತ್ತಾ ಹೋಗಿ, ಮುಗಿಸುವ ಜಾಗಕ್ಕೆ ಬಂದು ಹದವಾಗಿ ನಿಲ್ಲುವ ಹಾಗೆ ಮಾಡಿದಳು. ಯಾರೂ ಕಲಿಸಿರಲಿಲ್ಲ. ನನ್ನನ್ನು ಕೇಳಿದ್ದೂ ಕಡಿಮೆ.

ಅವಳು ಬರೆದದ್ದನ್ನು ಒಂದು ದಿನ ಅವಳಿಲ್ಲದಾಗ ತೆರೆದು ಓದಿದೆ. ಓದಿ ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಶಬ್ದ ಹಾಕಿ ಅದನ್ನು ಚಂದ ಮಾಡಲಾರೆ. ನನ್ನ ತಂಡದಲ್ಲಿ ಇಂಗ್ಲಿಷ್ ಚೆನ್ನಾಗಿ ಮಾತಾಡುವ ಎಷ್ಟೋ ಮಂದಿ ಇದ್ದಾರೆ, ಬೇಡದ್ದನ್ನು ಹೀಗೆ ಕಿತ್ತುಹಾಕುವ ಧೈರ್ಯ ಒಬ್ಬರಿಗೂ ಇಲ್ಲ. ಸಂಜೆ ಅವಳು ಬಂದಾಗ ನಾನು ಹೇಳಿದ್ದೇನು? "ಚಂದ ಇತ್ತ್. ಇದ್ರಿಂದ ಅನ್ನ ಹುಟ್ಟುದಿಲ್ಲ." ಅಷ್ಟೆ.

ಪರೀಕ್ಷೆ ಬರೆದಳು, ಸಿಇಟಿ ಬರೆದಳು, ಒಳ್ಳೆಯ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಅವಳ ಹೆಸರಿಗೆ ಬಂತು. ಪ್ರವೇಶದ ಕೆಲಸ ಆ ವರ್ಷ ಎಳೆದೂ ಎಳೆದೂ ಗದ್ದೆಯಲ್ಲಿ ಪೈರು ಹಣ್ಣಾಗುವವರೆಗೆ ಬಂದಿತ್ತು. ಬಂದ ಸೀಟು ಬೇಕೋ ಬೇಡವೋ ಎಂದು ಆನ್‌ಲೈನಿನಲ್ಲಿ ತಿಳಿಸಲು ಕೊಟ್ಟ ಕೊನೆಯ ದಿನ ನಮ್ಮ ಮನೆಯ ಹೊಸ್ತಿನ ಹಬ್ಬದ ದಿನವೇ ಬಂದು ಬಿತ್ತು. ಆವತ್ತು ಸಂಜೆ ದಾಟಿದರೆ ಸೀಟು ಬೇರೆಯವರ ಪಾಲು.

ಸೀಟು ಬಂದ ಕೂಡಲೇ ಅಕ್ಕ ಬೆಂಗಳೂರಿಗೆ ಫೋನ್ ಮಾಡಿ ಅಣ್ಣನನ್ನು ಕೇಳಿದಳು. ಅಣ್ಣನಿಗೆ ಕಂಪ್ಯೂಟರಿನವರನ್ನು ಕಂಡರೆ ಮೊದಲಿನಿಂದಲೂ ತಾತ್ಸಾರ. ಅದಕ್ಕೆ ಅವನು ಕೊಡುವ ಕಾರಣವನ್ನು ನಾನು ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಆವತ್ತು ಸ್ಪೀಕರಿನಲ್ಲಿ ಮತ್ತೆ ಕೇಳಿದೆ.

"ದಿನಾ ನಮ್ ಹೋಟ್ಲಿಗೆ ಬತ್ರ್ ಅವ್ರೆಲ್ಲ. ಕುತ್ತಿಗಿಗೆ ದನಿಗೆ ಹಗ್ಗ ಕಟ್ದಂಗೆ ಟ್ಯಾಗ್. ನಿಂತ್ಕಂಡ್ ಎರಡ್ ಇಡ್ಲಿ ತಿಂತ್ರ್, ಮೊಬೈಲ್ ಕಾಂತ್ರ್, ಓಡ್ತ್ರ್. ಅದೂ ಒಂದ್ ಬದ್ಕಾ? ನಮ್ ಹೆಣ್ಣ್ ಬಿಕಾಂ ಮಾಡ್ಲಿ. ಕಡೀಕ್ ಇಲ್ಲ್ ಬಂದ್ ಗಲ್ಲಾದಂಗೆ ಕೂಕಂಡ್ ಹೋಟ್ಲ್ ಕಾಣ್ಲಿ. ಹೊರ್ಗಿನವ್ರನ್ನ್ ನಂಬುಕಾತಿಲ್ಲೆ."

ಇದೇ ಮಾತನ್ನು ಸಿದ್ದಾಪುರದ ಕಡೆಯ ನಮ್ಮ ನೆಂಟರ ಹುಡುಗರೂ ಹೇಳುತ್ತಾರೆ. ಅಪ್ಪನದೋ ಮಾವನದೋ ಹೋಟೆಲಿದ್ದವನಿಗೆ ಓದು ಯಾಕೆ, ಓದಿದವರೆಲ್ಲ ಕಡೆಗೆ ನಮ್ಮಲ್ಲೇ ಇಡ್ಲಿ ತಿನ್ನಲು ಬರುತ್ತಾರಲ್ಲ ಎಂದು. ಗಲ್ಲಾದ ಹಿಂದಿನ ಕುರ್ಚಿಯಿಂದ ನೋಡಿದರೆ ಇಡೀ ಲೋಕವೇ ಹಸಿದುಕೊಂಡು ಬಂದ ಹಾಗೆ ಕಾಣುತ್ತದೆ. ಹೋಟೆಲು ಕಟ್ಟಿದವನ ಬಗ್ಗೆ ನನಗೆ ಗೌರವ ಇದೆ, ಆದರೆ ಅವನ ಈ ಮಾತಿಗೆ ಕವಡೆ ಕಿಮ್ಮತ್ತೂ ಇಲ್ಲ.

ಹೊಸ್ತಿಗೆ ಎರಡು ದಿನ ಮುಂಚೆ ಸೊಸೆ ಮಾಳಿಗೆಗೆ ಬಂದಳು. ನಾನು ಒಂದು ಮೀಟಿಂಗ್ ಮುಗಿಸಿ, ಆ ಮೀಟಿಂಗಿನಲ್ಲಿದ್ದ ಎಲ್ಲರ ಕುಲ ಗೋತ್ರ ಎತ್ತಿ ಬೈಯುತ್ತಿದ್ದೆ. ಅದು ನನ್ನ ದಿನಚರಿ. ಅವಳು ಬಾಗಿಲಲ್ಲೇ ನಿಂತು ನಾನು ಮುಗಿಸುವವರೆಗೆ ಕಾದಳು.

"ಮಾವ, ಒಂದ್ ಕೇಂತೆ, ತಮಾಸಿ ಮಾಡ್ಬೆಡಿ. ನಾನ್ ಕಂಪ್ಯೂಟರ್ ತಕಣ್ಲಾ?"

"ತಕೊ. ಕಡೀಕ್ ನನ್ನಂಗೆ ಯಾವ್ದೋ ದೇಶದ್ ಮುದ್ಕ್ರ್ ಹಲ್ಲ್ ಕಟ್ಸದ್ ಬಿಲ್ಲ್ ಸಮ ಮಾಡ್ಕಂಡ್ ಕೂಕೊ. ಕತ್ತಿ ಚಾಕ್ರಿ."

"ನಂಗ್ ಬೇಕ್ ಮಾವ ಅದ್," ಎಂದಳು. ಧ್ವನಿ ಏರಿಸಲಿಲ್ಲ. "ಬೇರೆ ಎಂತದೂ ಬ್ಯಾಡ. ನೀವ್ ಆ ಕೆಲ್ಸ ಮಾಡುವವ್ರ್. ನೀವ್ ಒಂದ್ ಮಾತ್ ಹೇಳ್ರೆ ದೊಡ್ಡ ಮಾವ ಕೇಂತ್ರ್."

"ಅಣ್ಣ ಯಾರ್ ಮಾತ್ ಕೇಂಡದ್ದ್ ಇತ್ತ್?" ಎಂದು ನಾನು ಸ್ಕ್ರೀನಿನ ಕಡೆ ತಿರುಗಿದೆ. ಅವಳು ಮೆಟ್ಟಿಲು ಇಳಿದ ಸದ್ದು ಕೇಳಿತು.

ಹೊಸ್ತು ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಹೊಸ ಅಕ್ಕಿ ಉಣ್ಣುವ ಹಬ್ಬ. ಬೆಳಿಗ್ಗೆ ಗದ್ದೆಯಿಂದ ಕದಿರು, ಅಂದರೆ ಭತ್ತದ ತೆನೆ, ತಂದು ಬಾಗಿಲಿಗೆ, ಕಂಬಕ್ಕೆ, ಬಾವಿಕಟ್ಟೆಗೆ ಕಟ್ಟುತ್ತೇವೆ. ನಮ್ಮ ಗದ್ದೆ ಉಳುವವರಿಲ್ಲದೆ ಹಡಿಲು ಬಿದ್ದು ಬಹಳ ಕಾಲವಾಯಿತು, ಕದಿರು ಬೇರೆಯವರ ಗದ್ದೆಯದು, ಹಬ್ಬ ಮಾತ್ರ ನಮ್ಮದು. ಮಧ್ಯಾಹ್ನ ಎಲೆ ಹಾಕಿ ಹೊಸ ಅಕ್ಕಿ ಸೇರಿಸಿದ ಅನ್ನ ಬಡಿಸುತ್ತಾರೆ. ಆದರೆ ಬಡಿಸಿದ ಕೂಡಲೇ ಯಾರೂ ಕೈ ಹಾಕುವ ಹಾಗಿಲ್ಲ. ಕಿರಿಯರು ಒಬ್ಬೊಬ್ಬ ಹಿರಿಯರ ಮುಂದೆಯೂ ಹೋಗಿ ಬಗ್ಗಿ "ಹೊಸ್ತ್ ಉಂತೆ", ಹೊಸ ಅನ್ನ ಉಣ್ಣುತ್ತೇನೆ, ಎಂದು ಹೇಳಬೇಕು. ಹಿರಿಯರು "ಉಣ್ಣ್" ಎನ್ನಬೇಕು. ಎಲ್ಲರಿಗೂ ಅಪ್ಪಣೆ ಸಿಕ್ಕಿದ ಮೇಲೆಯೇ ಊಟ. ಅಣ್ಣ ತಮ್ಮ ಮಾತು ಬಿಟ್ಟಿದ್ದರೂ ಆವತ್ತು ಎದುರು ಹೋಗಿ ಹೇಳುತ್ತಾರೆ. ಉಣ್ಣು ಎನ್ನದೆ ಇದ್ದವರನ್ನು ನಾನಂತೂ ನೋಡಿರಲಿಲ್ಲ.

ಅಣ್ಣ ಹಿಂದಿನ ದಿನವೇ ಬಂದಿದ್ದ, ಬಾವ ಅಂಗಡಿಗೆ ರಜೆ ಹಾಕಿ ಮನೆಯಲ್ಲಿದ್ದರು. ಬೆಳಿಗ್ಗೆಯಿಂದ ಸೀಟಿನ ಮಾತು ಯಾರೂ ಎತ್ತಲಿಲ್ಲ. ಫೋನಿನಲ್ಲಿ ಹೇಳಿಯಾಗಿದೆ, ಮುಗಿಯಿತು ಎಂಬುದು ಅವನ ಲೆಕ್ಕ. ಚಾವಡಿಯಲ್ಲಿ ಎಲೆ ಹಾಕಿದರು. ಅಣ್ಣ ಅಮ್ಮನಿಗೆ ಬಗ್ಗಿದ, ಅಕ್ಕ ಇಬ್ಬರಿಗೂ ಬಗ್ಗಿ ಮತ್ತೆ ಅಡುಗೆ ಒಲೆಯ ಹತ್ತಿರ ಹೋದಳು, ನಾನೂ ಎಲ್ಲರಿಗೂ ಹೇಳಿ ಬಂದು ನನ್ನ ಎಲೆಯ ಮುಂದೆ ಕೂತೆ. ಸೊಸೆಯ ಸರದಿ ಬಂತು. ಅಮ್ಮ ಅವಳ ತಲೆ ಮುಟ್ಟಿ "ಉಣ್ಣ್ ಮಗಾ" ಎಂದಳು. ಅವಳು ಅಣ್ಣನ ಮುಂದೆ ಬಗ್ಗಿದಳು.

"ದೊಡ್ಡ ಮಾವ, ಹೊಸ್ತ್ ಉಂತೆ."

ಅಣ್ಣ ನಗುತ್ತಲೇ ಹೇಳಿದ. "ಮೊದ್ಲ್ ಆ ಕಂಪ್ಯೂಟರ್ ಸೀಟ್ ಬ್ಯಾಡ ಅಂದ್ ಎಲ್ಲರ್ ಎದ್ರ್ ಹೇಳ್. ಕಡೀಕ್ ಉಣ್ಣ್."

ಅವನಿಗೆ ಅದು ಮುದ್ದಿನ ಬೆದರಿಕೆ. ಚಿಕ್ಕ ಮಕ್ಕಳಿಗೆ ಚಾಕಲೇಟು ತೋರಿಸಿ ಕುಣಿಸುವ ಹಾಗೆ. ಅವಳು ಬಗ್ಗಿದವಳು ನೆಟ್ಟಗಾದಳು. ನಮ್ಮ ಅಮ್ಮನ ಮುಖ ನೋಡಿದಳು, ಅಮ್ಮನಿಗೆ ಕಿವಿ ಮಂದ, ಏನು ನಡೆಯುತ್ತಿದೆ ಎಂದು ತಿಳಿಯದೆ ಅವಳೂ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಆ ಕೆಲಸ ಮಾಡುವವನು. ಒಂದು ಮಾತು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಎಲೆಯ ತುದಿಯಲ್ಲಿದ್ದ ಉಪ್ಪನ್ನು ನೋಡಿದೆ. ಬಾವ ಅವರ ಎಲೆಯ ಉಪ್ಪನ್ನು ನೋಡುತ್ತಿದ್ದರು.

ಅವಳು ತಿರುಗಿ ಮೆಟ್ಟಿಲು ಹತ್ತಿದಳು.

"ಸಿಟ್ಟ್ ಕಾಣಿ ಅದ್ರದ್ದ್," ಎಂದ ಅಣ್ಣ. "ಹೊಟ್ಟಿ ಹಸ್ದ್ರೆ ಇಳ್ದ್ ಬತ್ತ್."

ಎಲೆಯಲ್ಲಿ ಅನ್ನದ ಹಬೆ ಇಳಿಯುತ್ತಿತ್ತು. ಯಾರೂ ಕೈ ಹಾಕುವ ಹಾಗಿಲ್ಲ. ಒಬ್ಬಳಿಗೆ ಅಪ್ಪಣೆ ಬಾಕಿ ಇತ್ತು. ಅಣ್ಣ ಹೊತ್ತು ಹೋಗಲಿ ಎಂದು ಬೆಂಗಳೂರಿನ ಟ್ರಾಫಿಕ್ ವರ್ಣಿಸುತ್ತಿದ್ದ. ಆಗ ಮಾಳಿಗೆಯಿಂದ ಕೂಗು ಬಂತು.

"ಅಮ್ಮಾ, ನಿನ್ ಮೊಬೈಲಿಗೆ ಓಟಿಪಿ ಬಂತಾ ಕಾಣ್!"

ಅಕ್ಕನ ಕೈಯಲ್ಲಿ ಸಾರಿನ ಸೌಟು ಇತ್ತು. ನಮ್ಮ ಅಕ್ಕ ಅಣ್ಣನ ಎದುರು ಇವತ್ತಿನವರೆಗೆ ಒಂದು ಎದುರು ಮಾತು ಆಡಿದವಳಲ್ಲ. ಸೌಟನ್ನು ಪಾತ್ರೆಯೊಳಗೆ ಬಿಟ್ಟಳು, ಕೈಯನ್ನು ಸೀರೆಗೆ ಒರೆಸಿದಳು, ಉಪ್ಪಿನ ಭರಣಿಯ ಹಿಂದಿದ್ದ ಮೊಬೈಲ್ ತೆಗೆದು, ಕನ್ನಡಕ ಇಲ್ಲದ್ದರಿಂದ ತೋಳು ಪೂರ್ತಿ ಚಾಚಿ ಹಿಡಿದು, ದೇವಸ್ಥಾನದ ಮೈಕಿನಲ್ಲಿ ಓದುವವರ ಹಾಗೆ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಮಾಳಿಗೆಗೆ ಕೂಗಿ ಹೇಳಿದಳು. ಏಳು ಎಂಟಾಗಿ ಕೇಳಿಸಬಾರದೆಂದು ಎರಡನೇ ಸಲವೂ ಹೇಳಿದಳು.

"ಎಂತದ್ ಹೆಣೆ ಅದ್?" ಎಂದ ಅಣ್ಣ.

"ಗ್ಯಾಸಿಂದ್ ಅಣ್ಣಯ್ಯ," ಎಂದಳು ಅಕ್ಕ. ಹೇಳಿ ನನ್ನ ಕಡೆ ನೋಡಿದಳು.

ಗ್ಯಾಸ್ ಸಿಲಿಂಡರ್ ಹಿಂದಿನ ವಾರವಷ್ಟೇ ಬಂದಿತ್ತು. ಒಳಗೆ ಹೊತ್ತು ಹಾಕಿದವನು ನಾನೇ. ನಾನು ಏನೂ ಹೇಳಲಿಲ್ಲ. ಆ ದಿನ ನನ್ನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದಿಷ್ಟೇ.

ಸ್ವಲ್ಪ ಹೊತ್ತಿಗೆ ಅವಳು ಇಳಿದು ಬಂದಳು. ನೇರ ಅಣ್ಣನ ಮುಂದೆ ಹೋಗಿ ನಿಂತಳು. ಮುಖದಲ್ಲಿ ಗೆದ್ದ ಕಳೆ ಏನೂ ಇರಲಿಲ್ಲ.

"ದೊಡ್ಡ ಮಾವ, ಸೀಟ್ ತಕಂಡೆ. ಬ್ಯಾಡ ಅಂದ್ ಇನ್ನ್ ಸುಳ್ಳ್ ಹೇಳುಕಾತಿಲ್ಲೆ." ಬಗ್ಗಿದಳು. "ಹೊಸ್ತ್ ಉಂತೆ."

ಅಣ್ಣನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಡುಗೆ ಮನೆಯ ಕಡೆ ನೋಡಿದ. ಅಕ್ಕ ಸಾರು ಕಲಕುತ್ತಿದ್ದಳು, ಅದನ್ನು ಅಷ್ಟು ಕಲಕುವ ಅಗತ್ಯ ಇರಲಿಲ್ಲ. ಅವನ ಕಿವಿ ಕೆಂಪಾಯಿತು. ಎದ್ದು ಹೋಗುತ್ತಾನೆ ಎಂದೇ ನಾನು ಎಣಿಸಿದೆ. ಎದ್ದರೆ ಅವನಿಗೂ ಹೊಸ್ತಿನ ಊಟ ಇಲ್ಲ, ನಮಗೂ ಇಲ್ಲ. ಅಷ್ಟರಲ್ಲಿ ಅಮ್ಮನ ತಾಳ್ಮೆ ಮುಗಿಯಿತು. ಅವಳಿಗೆ ಸೀಟೂ ಗೊತ್ತಿಲ್ಲ, ಓಟಿಪಿಯೂ ಗೊತ್ತಿಲ್ಲ.

"ಅನ್ನ ತಣ್ದ್ ಹೋತ್ತ್," ಎಂದಳು. "ಹೊಸ್ತಿನ ದಿನ ಹೆಣ್ ಮಗಿನ್ ಎಷ್ಟೊತ್ತ್ ನಿಲ್ಸ್ತೆ? ಉಣ್ಣ್ ಅಂದ್ ಹೇಳಾ."

"ಉಣ್ಣ್," ಎಂದ ಅಣ್ಣ, ತನ್ನ ಎಲೆಯ ಅನ್ನವನ್ನು ನೋಡಿಕೊಂಡು.

ಅವಳು ತನ್ನ ಅಪ್ಪನಿಗೆ ಬಗ್ಗಿದಳು. ಬಾವ ಬಹಳ ಬೇಗ ಉಣ್ಣು ಎಂದರು. ಅಡುಗೆ ಮನೆಗೆ ಹೋಗಿ ಅಕ್ಕನಿಗೆ ಬಗ್ಗಿದಳು, ಅಲ್ಲಿ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಕೊನೆಗೆ ನನ್ನ ಮುಂದೆ ಬಂದಳು.

"ಮಾವ, ಹೊಸ್ತ್ ಉಂತೆ."

"ಉಣ್ಣ್," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ಒಳಗೊಳಗೆ ಎಷ್ಟು ಖುಷಿಯಾಗಿತ್ತು ಎಂದರೆ, ಆ ಖುಷಿಯನ್ನು ಏನು ಮಾಡಬೇಕೆಂದು ತಿಳಿಯದೆ ಬಾಯಿಗೆ ಅಭ್ಯಾಸವಾದದ್ದೇ ಬಂತು. "ಉಣ್ಣ್, ಉಣ್ಣ್. ಅಂತೂ ಕತ್ತಿ ಚಾಕ್ರಿಗೆ ಇನ್ನೊಂದ್ ಕತ್ತಿ ಸೇರ್ತ್."

ಅಣ್ಣ ಜೋರಾಗಿ ನಕ್ಕ. ಸೋತವನಿಗೆ ಅಷ್ಟಾದರೂ ಸಿಕ್ಕಿತಲ್ಲ ಎಂಬ ನಗೆ. ಬಾವನೂ ನಕ್ಕರು. ಸೊಸೆ ನಗಲಿಲ್ಲ. ಬಗ್ಗಿದವಳು ನನ್ನ ಎಲೆಯ ಮುಂದೆ ಹಾಗೆಯೇ ಮೊಣಕಾಲೂರಿ ಕೂತಳು, ನನಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದಳು.

"ಅಷ್ಟ್ ಬ್ಯಾಡ ಅಂದ್ರೆ ಬಿಟ್ಟ್ ಬಿಡಿ ಮಾವ. ಇಪ್ಪತ್ತ್ ವರ್ಷ ಅದನ್ನೇ ಉಂಡ್ಕಂಡ್ ಅದಕ್ಕೇ ಬೈತ್ರಿ. ಎಲಿಯಂಗೆ ಬಡ್ಸದ್ ಅನ್ನಕ್ಕೆ ನಾವ್ ಹೀಂಗ್ ಬೈದ್ರೆ ಅಮ್ಮಮ್ಮ ನಮ್ಮನ್ನ್ ಎಲಿ ಎದ್ರಿಂದ ಎಬ್ಸಿ ಕಳ್ಸ್ತ್ರ್."

ಹೇಳಿ ಎದ್ದು ಹೋಗಿ ತನ್ನ ಎಲೆಯ ಮುಂದೆ ಕೂತಳು. ಮೊದಲ ತುತ್ತನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದಳು. ಅದು ಪದ್ಧತಿ, ಅವಳು ತೋರಿಕೆಗೆ ಮಾಡಿದ್ದಲ್ಲ. ಎಲ್ಲರೂ ಉಣ್ಣತೊಡಗಿದರು.

ನಾನು ಎಲೆಗೆ ಕೈ ಹಾಕದೆ ಕೂತದ್ದನ್ನು ಅಮ್ಮ ಕಂಡಳು. ನನಗೆ ಅಪ್ಪಣೆ ಕೊಡಲು ಮರೆತೆನೋ ಏನೋ ಎಂದುಕೊಂಡು ಮತ್ತೊಮ್ಮೆ "ಉಣ್ಣ್ ಮಗಾ" ಎಂದಳು. ನಾನು ಬಾಯಿ ಮುಚ್ಚಿಕೊಂಡು ಉಂಡೆ.